ಚರಂಡಿಗೆ ಇಳಿಬಿಟ್ಟ ಗಾಜ್ ಬಟ್ಟೆ

1946ರ ಬೇಸಿಗೆಯಲ್ಲಿ ವೇಲ್ಸ್‌ನ ಕಡಲತೀರದ ಪಟ್ಟಣ ಅಬರಿಸ್ಟ್‌ವಿತ್‌ನಲ್ಲಿ 200ಕ್ಕೂ ಹೆಚ್ಚು ಮಂದಿ ಟೈಫಾಯಿಡ್ ಹಿಡಿದು ಮಲಗಿದರು. ನಾಲ್ವರು ತೀರಿಕೊಂಡರು. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಐಸ್‌ಕ್ರೀಂ. ಅದನ್ನು ತಯಾರಿಸಿ ಮಾರುತ್ತಿದ್ದಾತ ರೋಗವಾಹಕನಾಗಿದ್ದ. ಅವನಿಗೆ ಜ್ವರವಿರಲಿಲ್ಲ, ನಿತ್ರಾಣವಿರಲಿಲ್ಲ. ಮೈಯೊಳಗೆ ಟೈಫಾಯಿಡ್ ಬ್ಯಾಕ್ಟೀರಿಯಾ ಮಾತ್ರ ಸುಖವಾಗಿ ಬೀಡುಬಿಟ್ಟಿತ್ತು.

ಮಹಾಯುದ್ಧದ ನಡುವೆ, 1942ರಲ್ಲಿ, ಬ್ರಿಟನ್ ಸರ್ಕಾರ ಐಸ್‌ಕ್ರೀಂ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತ್ತು. ನಿಷೇಧ ತೆರವಾದ ಮೇಲೆ ಜನ ಅದಕ್ಕೆ ಮುಗಿಬಿದ್ದರು. ಪಡಿತರದ ಕಾಲ, ಹಾಲು, ಸಕ್ಕರೆ ಎರಡಕ್ಕೂ ಬರ. ಕೈಗೆ ಸಿಕ್ಕ ಸಾಮಗ್ರಿಯನ್ನು ಕಲಸಿ ಮಾರುವವರ ಮೇಲೆ ಕಣ್ಣಿಡಬೇಕಾದವರು ಜಿಲ್ಲೆಯ ನೈರ್ಮಲ್ಯ ನಿರೀಕ್ಷಕರು. ಕಸಾಯಿಖಾನೆಯಲ್ಲಿ ದನದ ದುಗ್ಧರಸ ಗ್ರಂಥಿಗಳನ್ನು ಸೀಳಿ ಕ್ಷಯದ ಗಂಟುಗಳನ್ನು ಹುಡುಕುವುದು, ಸೋರುವ ಮನೆಗಳ ತಪಾಸಣೆ, ಇಲಿಗಳ ಕಾಟ, ಕಾರ್ಖಾನೆಯ ಹೊಗೆ ಎಲ್ಲವೂ ಅವರ ತಲೆಗೇ ಕಟ್ಟಿದ ಕೆಲಸಗಳು.

ಟೈಫಾಯಿಡ್‌ನ ಮೂಲ ಹುಡುಕುವುದು ಯಾಕೆ ಕಷ್ಟ? ಬ್ಯಾಕ್ಟೀರಿಯಾ ಹೊಟ್ಟೆ ಸೇರಿ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಬೇಕು. ಅಷ್ಟರಲ್ಲಿ ಸಮುದ್ರಸ್ನಾನಕ್ಕೆ ಬಂದಿದ್ದ ಪ್ರವಾಸಿ ಇನ್ನೆಲ್ಲೋ ತನ್ನ ಊರಿನಲ್ಲಿರುತ್ತಾನೆ. ಎರಡು ವಾರದ ಹಿಂದಿನ ಮಂಗಳವಾರ ಏನು ತಿಂದಿರಿ ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರ ಕೊಡಬಲ್ಲೆವು? ಇನ್ನು ತಂಪಿನ ಮೇಲಿನ ಭರವಸೆಯೂ ಹುಸಿ. ಹೆಪ್ಪುಗಟ್ಟಿಸಿದರೆ ಈ ಬ್ಯಾಕ್ಟೀರಿಯಾಗಳೆಲ್ಲ ಸಾಯುವುದಿಲ್ಲ. ಬಹಳಷ್ಟು ಸುಮ್ಮನೆ ಕಾದು ಕೂರುತ್ತವೆ. ಅದಕ್ಕೂ ಮುನ್ನ, ಬೆಚ್ಚಗಿನ ಮಿಶ್ರಣ ನಿಧಾನವಾಗಿ ಆರುವಾಗಲೇ ಅವು ಮನಸೋ ಇಚ್ಛೆ ಹೆಚ್ಚಿರುತ್ತವೆ.

1947ರ ನಿಯಮಗಳು ಈ ಸಂದಿಗೇ ಕೈಹಾಕಿದವು. ಐಸ್‌ಕ್ರೀಂ ಮಿಶ್ರಣವನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಅಥವಾ 71 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಬೇಕು. ನಂತರ ಒಂದೂವರೆ ಗಂಟೆಯೊಳಗೆ ಸುಮಾರು 7 ಡಿಗ್ರಿಗೆ ಇಳಿಸಬೇಕು. ಪರೀಕ್ಷೆಗೆ ನಿರೀಕ್ಷಕರು ತಂದುಕೊಡುತ್ತಿದ್ದ ಮಾದರಿಗೆ ಪ್ರಯೋಗಾಲಯದಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಬೆರೆಸುತ್ತಿದ್ದರು. ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಬಳಸಿ ಮುಗಿಸಿದಂತೆ ನೀಲಿ ಮಾಯವಾಗುತ್ತದೆ. ನಾಲ್ಕೂವರೆ ಗಂಟೆ ದಾಟಿದರೂ ಬಣ್ಣ ಉಳಿದರೆ ಮೊದಲ ದರ್ಜೆ. ಹಾಕಿದ್ದೇ ತಡ ಬಿಳಿಚಿಕೊಂಡರೆ ನಾಲ್ಕನೆಯ ದರ್ಜೆ. ಇದು ಟೈಫಾಯಿಡ್ ಇದೆಯೋ ಇಲ್ಲವೋ ಎಂದು ಹೇಳುವುದಿಲ್ಲ, ಅಡುಗೆಮನೆ ಎಷ್ಟು ಕೊಳಕು ಎಂದಷ್ಟೇ ಹೇಳುತ್ತದೆ. ಅಗ್ಗದ ಪರೀಕ್ಷೆ. ನನಗಂತೂ ಬಹಳ ಇಷ್ಟವಾದದ್ದು.

ಆದರೆ ಪಾತ್ರೆಯನ್ನು ಕಾಯಿಸಬಹುದು, ಮನುಷ್ಯನನ್ನು ಕಾಯಿಸಲಾಗದು. ಟೈಫಾಯಿಡ್‌ನಿಂದ ಗುಣವಾದವರಲ್ಲಿ ನೂರಕ್ಕೆ ಕೆಲವರ ಪಿತ್ತಕೋಶದಲ್ಲಿ ಬ್ಯಾಕ್ಟೀರಿಯಾ ವರ್ಷಗಟ್ಟಲೆ ಉಳಿದುಬಿಡುತ್ತದೆ. ಅಂಥವರು ಯಾರೆಂದು ತಿಳಿಯಲು ಊರಿನವರೆಲ್ಲರ ಮಲ ಪರೀಕ್ಷೆ ಮಾಡಿಸಲು ಸಾಧ್ಯವೇ? ಮಾಡಿಸಿದರೂ, ಬ್ಯಾಕ್ಟೀರಿಯಾ ಒಂದು ದಿನ ಹೊರಬೀಳುತ್ತದೆ, ಇನ್ನೊಂದು ದಿನ ಇಲ್ಲ.

ಇಂಗ್ಲೆಂಡಿನ ಡೆವನ್ ಕೌಂಟಿಯಲ್ಲಿ, ಟೈಫಾಯಿಡ್‌ನ ಹತ್ತಿರದ ಸಂಬಂಧಿಯಾದ ಪ್ಯಾರಾಟೈಫಾಯಿಡ್ ಜ್ವರದ ಬೆನ್ನುಹತ್ತಿದ್ದ ಬ್ರೆಂಡನ್ ಮೂರ್ ಎಂಬ ಬ್ಯಾಕ್ಟೀರಿಯಾ ತಜ್ಞರು 1948ರಲ್ಲಿ ಪ್ರಕಟಿಸಿದ ಉಪಾಯ ಇದು: ಮನುಷ್ಯರನ್ನು ಬಿಟ್ಟು ಒಳಚರಂಡಿಯನ್ನು ಪರೀಕ್ಷಿಸಿ. ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆಯನ್ನು ಮಡಿಸಿ, ದಾರ ಕಟ್ಟಿ, ಮ್ಯಾನ್‌ಹೋಲ್‌ನೊಳಗೆ ಹರಿಯುವ ಕೊಳಚೆಗೆ ಇಳಿಬಿಡುವುದು. ಒಂದು ಲೋಟ ಕೊಳಚೆ ಮೊಗೆದರೆ ಸಿಗುವುದು ಆ ಒಂದು ಕ್ಷಣದ ನೀರು. ರೋಗವಾಹಕ ಶೌಚಕ್ಕೆ ಹೋಗಿದ್ದು ಬೆಳಗಿನ ಏಳಕ್ಕಾದರೆ ಹತ್ತರ ಲೋಟದಲ್ಲಿ ಏನೂ ಇರುವುದಿಲ್ಲ. ಬಟ್ಟೆಯಾದರೋ ದಿನಗಟ್ಟಲೆ ಅಲ್ಲೇ ತೂಗಾಡುತ್ತ, ಹರಿದುಬಂದದ್ದನ್ನು ತನ್ನ ಎಳೆಗಳಲ್ಲಿ ಹಿಡಿದಿಡುತ್ತದೆ. ಆಮೇಲೆ ಅದನ್ನು ಈ ಜಾತಿಯ ಬ್ಯಾಕ್ಟೀರಿಯಾವನ್ನೇ ಬೆಳೆಸಿ ಉಳಿದವನ್ನು ತಡೆಯುವ ದ್ರವದಲ್ಲಿ ಹಾಕಿಡುತ್ತಾರೆ.

ಮುಖ್ಯ ಕೊಳವೆಯಲ್ಲಿ ಸಿಕ್ಕಿತೆಂದರೆ ಪ್ರವಾಹಕ್ಕೆ ಎದುರಾಗಿ ಹೊರಡಬೇಕು. ಕೂಡುದಾರಿಗಳಲ್ಲೆಲ್ಲ ಬಟ್ಟೆ, ಯಾವ ಕವಲಿನಲ್ಲಿ ಬ್ಯಾಕ್ಟೀರಿಯಾ ಕಂಡಿತೋ ಆ ಕವಲು ಮಾತ್ರ ಉಳಿಯುತ್ತದೆ. ಊರು ಬೀದಿಯಾಗಿ, ಬೀದಿ ಕೆಲವೇ ಮನೆಗಳಾಗಿ ಕಿರಿದಾಗುತ್ತದೆ. ಅಲ್ಲಿ ಸಿಕ್ಕಿದ್ದೂ ರೋಗಿಯ ಮೈಯಲ್ಲಿದ್ದದ್ದೂ ಒಂದೇ ತಳಿಯೇ ಎಂಬುದನ್ನು ಫೇಜ್‌ಗಳು ಹೇಳುತ್ತವೆ. ಬ್ಯಾಕ್ಟೀರಿಯಾವನ್ನು ಕೊಲ್ಲುವ ಈ ವೈರಸ್‌ಗಳಲ್ಲಿ ಯಾವುದಕ್ಕೆ ಯಾವ ತಳಿ ಬಲಿಯಾಗುತ್ತದೆ ಎಂದು ನೋಡಿ ಗುಂಪು ಗುರುತಿಸುವ ಕ್ರಮ ಯುದ್ಧಕ್ಕೆ ಮೊದಲೇ ರೂಪುಗೊಂಡಿತ್ತು.

ಅಲ್ಲಿಂದ ಮುಂದಿನದು ಪ್ರಯೋಗಾಲಯದ ಕೈಯಲ್ಲಿಲ್ಲ. ಯಾರಾದರೂ ಬಾಗಿಲು ತಟ್ಟಿ, ಗಟ್ಟಿಮುಟ್ಟಾಗಿರುವ ಗೃಹಿಣಿಗೆ ಆಕೆಯ ಮಲದ ಮಾದರಿ ಬೇಕೆಂದು ಮರ್ಯಾದೆ ಕೆಡದಂತೆ ಕೇಳಬೇಕು. ಸಿಕ್ಕಿಬಿದ್ದವರು ಆಹಾರ ತಯಾರಿಸುವ ಕೆಲಸ ಬಿಡಬೇಕಾಗುತ್ತಿತ್ತು. ಅದೇ 1948ರಲ್ಲಿ ಟೈಫಾಯಿಡ್ ಚಿಕಿತ್ಸೆಗೆ ಬಂದ ಕ್ಲೋರಾಂಫೆನಿಕಾಲ್ ರೋಗಿಗಳನ್ನು ಉಳಿಸಿತಾದರೂ ರೋಗವಾಹಕರ ಪಿತ್ತಕೋಶವನ್ನು ಶುದ್ಧಮಾಡಲು ಸೋತಿತು. ಕೆಲವರು ಪಿತ್ತಕೋಶವನ್ನೇ ತೆಗೆಸಿಕೊಂಡರು.

ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಮಾದರಿ ತೆಗೆದು ವೈರಸ್‌ನ ಏರಿಳಿತವನ್ನೂ ಹೊಸ ರೂಪಾಂತರಿಗಳನ್ನೂ ಗಮನಿಸಿದ್ದು ಇದೇ ತರ್ಕದ ಮೇಲೆ. ವ್ಯತ್ಯಾಸವೊಂದಿದೆ. ಇಲ್ಲಿ ಬೇಕಿದ್ದದ್ದು ಸೋಂಕು ಯಾವ ಪ್ರದೇಶದಲ್ಲಿ ಹೆಚ್ಚುತ್ತಿದೆ ಎಂಬ ಮುನ್ಸೂಚನೆ. ಮೂರ್ ಅವರಿಗೆ ಬೇಕಿದ್ದದ್ದು ಮನೆ ನಂಬರು.