ಹೆದೆಯ ಸದ್ದೇ ಮೊದಲು ಮುಟ್ಟುತ್ತದೆ

ಅಮೆರಿಕದ ಬಿಲ್ಲುಬೇಟೆಯ ವಿಡಿಯೋ ನೋಡಿದ ಶಿರಸಿಯ ಗೆಳೆಯರು ಹೇಳುವುದು ಒಂದೇ ಮಾತು: "ರಾಟೆ ಇದೆ, ಲೇಸರ್ ಇದೆ, ಇನ್ನೇನು ಕಷ್ಟ? ಬಂದೂಕಿದ್ದ ಹಾಗೇ ಅಲ್ವಾ?" ಅಲ್ಲವೇ ಅಲ್ಲ. (ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆ ಅಪರಾಧ. ಅದು ಸರಿಯೇ. ಇಲ್ಲಿ ಮಾತಾಡುತ್ತಿರುವುದು ಭೌತಶಾಸ್ತ್ರ.)

ಮಿಸೌರಿಯ ಹಾಲೆಸ್ ವಿಲ್ಬರ್ ಆಲೆನ್ 1966ರಲ್ಲಿ ಬಿಲ್ಲಿನ ತುದಿಗಳಿಗೆ ರಾಟೆ ಕೂರಿಸಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಚಂದ ಇರುವುದು ಆ ರಾಟೆಯಲ್ಲೇ: ಅದರ ಅಚ್ಚು ನಡುಮಧ್ಯ ಇಲ್ಲ. ಹೆದೆ ಎಳೆದಾಗ ಮೊದಲು ಬಿಗಿ ಏರುತ್ತದೆ, 30 ಕಿಲೋ ಎತ್ತಿದಷ್ಟು. ರಾಟೆ ಇನ್ನಷ್ಟು ತಿರುಗಿದಾಗ ಸನ್ನೆಯ ಉದ್ದದ ಕಡೆ ನಮ್ಮ ಕೈಗೆ ಬರುತ್ತದೆ, ಆಗ ಆರೇಳು ಕಿಲೋ ಬಲ ಸಾಕು, ಆರಾಮಾಗಿ ಹಿಡಿದು ಗುರಿ ನೋಡಬಹುದು. ಹಳೆ ಬಿಲ್ಲು ಎಳೆದಷ್ಟೂ ಭಾರ. ಹಾಗಂತ ರಾಟೆ ಶಕ್ತಿ ಹುಟ್ಟಿಸುವುದಿಲ್ಲ, ನಮ್ಮ ತೋಳಿನದ್ದನ್ನೇ ಕೂಡಿಡುತ್ತದೆ. ಬಾಣವೂ ಈಗ ಕಾರ್ಬನ್ನಿನದು, ಶಿರಸಿ ತೋಟಗಳಲ್ಲಿ ಅಡಿಕೆ ಕೊಯ್ಯುವ ದೋಟಿಯ ಹಾಗೆ ಹಗುರ, ಗಟ್ಟಿ.

ಸರಿ, ಬಾಣ ಸೆಕೆಂಡಿಗೆ 90 ಮೀಟರ್ ಓಡಿತು ಅನ್ನಿ. ಸದ್ದು ಓಡುವುದು 340 ಮೀಟರ್! ಬೇಟೆ ಬಂದೂಕಿನ ಗುಂಡು ಸದ್ದಿಗಿಂತ ಮೊದಲು ತಲುಪುತ್ತದೆ, ಬಾಣಕ್ಕೆ ಅದು ಸಾಧ್ಯವೇ ಇಲ್ಲ. 40 ಮೀಟರ್ ದೂರದ ಜಿಂಕೆಗೆ ಹೆದೆಯ ಸದ್ದು 0.12 ಸೆಕೆಂಡಿನಲ್ಲಿ ಕೇಳಿಸುತ್ತದೆ, ಬಾಣ ಬರುವುದು 0.44ಕ್ಕೆ. ಬೆಚ್ಚಿದ ಜಿಂಕೆ ಜಿಗಿಯುವ ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ. ಬೆಚ್ಚಲು ಸ್ವಲ್ಪ ಹೊತ್ತು ಹೋದರೂ ಉಳಿದ 0.2 ಸೆಕೆಂಡಿನಲ್ಲಿ ಸುಮ್ನೆ ಗುರುತ್ವದಿಂದಲೇ 20 ಸೆಂಟಿಮೀಟರ್ ಇಳಿಯಬಹುದು. ಬಾಣ ಬೆನ್ನ ಮೇಲಿಂದ ಹೋದರೆ ಪುಣ್ಯ. ಬೇರೆಲ್ಲೋ ನಾಟಿದರೆ ಪಾಪದ ಪ್ರಾಣಿ ನರಳುತ್ತಾ ದಿನಗಟ್ಟಲೆ ಅಲೆಯುತ್ತದೆ. ಲೇಸರ್ ದೂರ ಹೇಳುತ್ತದೆ ನಿಜ, ಅರೆ ಸೆಕೆಂಡಿನ ನಂತರ ಜಿಂಕೆ ಎಲ್ಲಿರುತ್ತದೆ ಅನ್ನುವುದನ್ನಲ್ಲ.

ಹಾಗಾಗಿ ಹತ್ತಿರ ಹೋಗಲೇಬೇಕು, 20 ಮೀಟರಿಗೆ. ಅಲ್ಲಿ ಜಿಂಕೆಯ ಮೂಗಿನ ಕಾಟ ಶುರು. ಕಾರವಾರದಲ್ಲಿ ಮಧ್ಯಾಹ್ನ ಕಡಲಗಾಳಿ, ರಾತ್ರಿ ನೆಲದ ಗಾಳಿ ಅನ್ನುವುದು ದೋಣಿಯವರಿಗೆಲ್ಲ ಗೊತ್ತು. ಗುಡ್ಡದಲ್ಲೂ ಹೀಗೇ, ಬಿಸಿಲೇರಿದಾಗ ಗಾಳಿ ಮೇಲಕ್ಕೆ, ಸಂಜೆ ತಂಪಾದಾಗ ಕೆಳಕ್ಕೆ. ಗಾಳಿ ತಿರುಗಿ ಬೇಟೆಗಾರನ ಬೆವರಿನ ವಾಸನೆ ಜಿಂಕೆಯ ಕಡೆ ಹೋದರೆ, ಬಿಲ್ಲು ಎತ್ತುವ ಮೊದಲೇ ಅದು ಓಡಿರುತ್ತದೆ.