ಪಕ್ಕದ ಸೈಟಿನಲ್ಲಿ ಕೊಳೆಯುತ್ತಿರುವ ಕಾರು: ದೂರು ಯಾರಿಗೆ ಕೊಡಬೇಕು?

ಪ್ರಶ್ನೆ: ನಾವಿರುವುದು ಬೆಂಗಳೂರಿನ ಹೊರವಲಯದ ಒಂದು ಬಡಾವಣೆಯಲ್ಲಿ. ಪಕ್ಕದ ಖಾಲಿ ಸೈಟಿನ ಮಾಲೀಕರು ವಿದೇಶದಲ್ಲಿದ್ದಾರೆ. ಅಲ್ಲಿ ವರ್ಷಗಳಿಂದ ಒಂದು ಓಮ್ನಿ ತುಕ್ಕು ಹಿಡಿದು ನಿಂತಿದೆ. ಅದನ್ನು ನೋಡಿ ಊರವರೆಲ್ಲ ಹಳೇ ಟೈರು, ಹಾಸಿಗೆ, ಒಡೆದ ಕಮೋಡು ತಂದು ಸುರಿಯುತ್ತಿದ್ದಾರೆ. ಪೊಲೀಸರನ್ನು ಕೇಳಿದರೆ ಖಾಸಗಿ ಜಾಗ ಅಂತಾರೆ, ಪಾಲಿಕೆಯವರನ್ನು ಕೇಳಿದರೆ ಗಾಡಿ ವಿಷಯ ನಮ್ಮದಲ್ಲ ಅಂತಾರೆ. ನಾವು ಯಾರ ಹತ್ತಿರ ಹೋಗಬೇಕು?

ಉತ್ತರ: ಇಬ್ಬರು ಹೇಳಿದ್ದೂ ಅರ್ಧ ಸರಿ. ಆ ಗಾಡಿಯ ಚಕ್ರ ಎಲ್ಲಿ ನಿಂತಿದೆ ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ರಸ್ತೆಯಲ್ಲಿದ್ದರೆ ವಿಷಯ ಸುಲಭ. 1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ 10 ಗಂಟೆಗಿಂತ ಜಾಸ್ತಿ ಹೊತ್ತು ಬಿಟ್ಟುಹೋದ ಗಾಡಿಯನ್ನು ಎತ್ತಿಸುವ ಅಧಿಕಾರ ಆ ಸರಹದ್ದಿನ ಪೊಲೀಸರಿಗೆ ಇದೆ. ವರ್ಷ ಅಲ್ಲ, ತಿಂಗಳಲ್ಲ, 10 ಗಂಟೆ. ಟೋಯಿಂಗ್ ಖರ್ಚು ಮಾಲೀಕನ ತಲೆಗೆ. ಹಾಗಾಗಿ ಮೊದಲು ಸೈಟಿನ ಕಲ್ಲು ಎಲ್ಲಿದೆ ನೋಡಿ. ಇಂಥ ಗಾಡಿಗಳು ಎಷ್ಟೋ ಸಲ ಎರಡು ಚಕ್ರ ಸೈಟಿನಲ್ಲಿ, ಎರಡು ಚಕ್ರ ರಸ್ತೆಯಲ್ಲಿ ಇಟ್ಟುಕೊಂಡು ನಿಂತಿರುತ್ತವೆ. ಹಾಗಿದ್ದರೆ ಕಲ್ಲು, ಚಕ್ರ, ನಂಬರ್ ಪ್ಲೇಟು ಮೂರೂ ಕಾಣುವ ಹಾಗೆ ಫೋಟೊ ತೆಗೆದು ಸಂಚಾರ ಠಾಣೆಗೆ ಲಿಖಿತ ದೂರು ಕೊಡಿ. ಕದ್ದ ಗಾಡಿ ಇರಬಹುದು ಅನ್ನಿಸಿದರೆ ಅದನ್ನೂ ಬರೆಯಿರಿ. ಆಗ ನಂಬರ್ ಹಾಕಿ ನೋಡದೆ ಬಿಡುವುದು ಅವರಿಗೂ ಕಷ್ಟ. (ಎತ್ತಿಸಿಕೊಂಡು ಹೋಗಿ ಎಲ್ಲಿ ನಿಲ್ಲಿಸುತ್ತಾರೆ ಅಂತ ಕೇಳಬೇಡಿ. ನಮ್ಮಲ್ಲಿ ಎಷ್ಟೋ ಠಾಣೆಗಳ ಮುಂದಿನ ಜಾಗವೇ ಗುಜರಿ ಅಂಗಡಿ ಥರ ಇರುತ್ತೆ.)

ಇಡೀ ಗಾಡಿ ಸೈಟಿನ ಒಳಗೇ ಇದ್ದರೆ? ಸ್ವಂತ ಜಾಗದಲ್ಲಿ ಕೆಟ್ಟ ಕಾರು ಇಟ್ಟುಕೊಂಡ ಮಾತ್ರಕ್ಕೆ ಯಾರನ್ನೂ ಹಿಡಿಯಲು ಆಗಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ. ‘ಹಳೇ ಕಾರು ನಿಂತಿದೆ, ತೆಗೆಸಿ’ ಅಂತ ಬರೆದುಕೊಡುತ್ತಾರೆ, ಅರ್ಜಿ ಸುಮ್ನೆ ಮೇಜಿಂದ ಮೇಜಿಗೆ ಓಡಾಡುತ್ತೆ. ನನ್ನ ಸಲಹೆ: ಕಾರನ್ನು ಬಿಡಿ, ಸೊಳ್ಳೆ ಬಗ್ಗೆ ದೂರು ಕೊಡಿ.

ಯಾಕೆ ಅಂದರೆ, 2024ರಲ್ಲಿ ಡೆಂಗಿ ಜೋರಾದಾಗ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿ, ಸೊಳ್ಳೆ ಹುಟ್ಟಲು ಬಿಟ್ಟವರಿಗೆ ದಂಡ ಗೊತ್ತುಮಾಡಿತು. ನಗರದಲ್ಲಿ ಮನೆಗಳಿಗೆ 400 ರೂಪಾಯಿ, ಅಂಗಡಿ, ಕಚೇರಿಗಳಿಗೆ 1,000. ಖಾಲಿ ಸೈಟು ಮತ್ತು ಕಟ್ಟಡ ಕೆಲಸ ನಡೆಯುವ ಜಾಗಕ್ಕೆ 2,000. ಹಳ್ಳಿಗಳಲ್ಲಿ ಇದರ ಅರ್ಧ. ಮನೆಯವರಿಗಿಂತ ಖಾಲಿ ಸೈಟಿನವರಿಗೆ ಐದು ಪಟ್ಟು ದಂಡ ಹಾಕಿದ್ದು ಸರಿಯಾಗೇ ಇದೆ. ಮನೆಯಲ್ಲಿ ಬಕೆಟ್ ಕವುಚಿ ಹಾಕಲು ಒಬ್ಬರಾದರೂ ಇರುತ್ತಾರೆ, ಅಲ್ವಾ?

ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ನಿಂತ ಮಳೆ ನೀರು ಸಾಕು. ಒಂದು ಟೈರನ್ನು ಹೇಗೇ ಇಟ್ಟರೂ ಒಳಗಿನ ಮಡಿಕೆಯಲ್ಲಿ ಒಂದಿಷ್ಟು ನೀರು ಉಳಿಯುತ್ತೆ, ಅಲ್ಲಿಗೆ ಬಿಸಿಲೂ ತಾಗಲ್ಲ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ನೀರು ಆರಿದರೂ ಮೊಟ್ಟೆಗಳು ಟೈರಿನ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿದ್ದು, ಮುಂದಿನ ಮಳೆಗೆ ಒಡೆಯುತ್ತವೆ. ನಿಮ್ಮ ಓಮ್ನಿಯ ಗಾಜು ಒಡೆದು ಒಳಗೆ ನೀರು ನಿಂತಿದ್ದರೆ ಅದೂ ಒಂದು ದೊಡ್ಡ ಟೈರೇ. ನೀರಿನಲ್ಲಿ ಹುಳು ಒದ್ದಾಡುತ್ತಿರುವುದು ಕಂಡರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಾಗಿಲ್ಲ.

ದೂರು ಹೋಗಬೇಕಾದ್ದು ಪಾಲಿಕೆಯ ಆರೋಗ್ಯ ಮತ್ತು ಕಸದ ವಿಭಾಗಕ್ಕೆ. 2025ರ ಸೆಪ್ಟೆಂಬರಿನಿಂದ ಬೆಂಗಳೂರಿಗೆ ಒಂದಲ್ಲ, ಐದು ಪಾಲಿಕೆ. ನಿಮ್ಮ ಬಡಾವಣೆ ಯಾವುದಕ್ಕೆ ಸೇರುತ್ತೆ ನೋಡಿಕೊಳ್ಳಿ. ಗೊತ್ತಾಗದಿದ್ದರೆ 1533ಕ್ಕೆ ಫೋನ್ ಮಾಡಿ, ದೂರಿನ ನಂಬರ್ ತೆಗೆದುಕೊಳ್ಳದೆ ಫೋನ್ ಇಡಬೇಡಿ. ‘ಮಾಲೀಕರು ಎಲ್ಲಿದ್ದಾರೋ ಗೊತ್ತಿಲ್ಲ’ ಅನ್ನೋದು ಪಾಲಿಕೆ ಹೇಳುವ ಮಾತಲ್ಲ. ಆಸ್ತಿ ತೆರಿಗೆ ದಾಖಲೆಯಲ್ಲಿ ಹೆಸರು, ವಿಳಾಸ ಇರುತ್ತೆ. ನೋಟಿಸ್ ಕೊಟ್ಟ ಮೇಲೂ ಮಾಲೀಕರು ಅಲುಗಾಡದಿದ್ದರೆ ಪಾಲಿಕೆಯೇ ಸ್ವಚ್ಛ ಮಾಡಿಸಿ, ಖರ್ಚನ್ನು ಅವರಿಂದ ವಸೂಲಿ ಮಾಡಬಹುದು. ಅದೂ ಆಗಲಿಲ್ಲ ಅಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ ಇದೆ. ಸಾರ್ವಜನಿಕರಿಗೆ ಉಪದ್ರವವಾಗುವುದನ್ನು ತೆಗೆಸುವಂತೆ ಅಧಿಕಾರವಿರುವ ದಂಡಾಧಿಕಾರಿ ಆದೇಶ ಮಾಡಬಹುದು. ಅಲ್ಲಿಯವರೆಗೆ ಹೋಗುವುದಾದರೆ ಹತ್ತು ಮನೆಯವರು ಸಹಿ ಹಾಕಿದ ಅರ್ಜಿ ಇರಲಿ.

ಎರಡು ಕೆಲಸ ಮಾತ್ರ ಮಾಡಬೇಡಿ. ಕಳೆಗೆ ಬೆಂಕಿ ಇಡಬೇಡಿ. ಕಸ ಸುಡುವುದೇ ತಪ್ಪು, ಟೈರಿನ ಹೊಗೆ ಮೊದಲು ಬರುವುದೂ ನಿಮ್ಮ ಮನೆಗೇ. ಇನ್ನೊಂದು, ಗುಜರಿಯವನನ್ನು ಕರೆದು ಗಾಡಿ ಎತ್ತಿಸಬೇಡಿ. ಎಷ್ಟೇ ತುಕ್ಕು ಹಿಡಿದಿರಲಿ, ಅದು ಇನ್ನೊಬ್ಬರ ಆಸ್ತಿ. ನಾಳೆ ಮಾಲೀಕರು ಬಂದು ಕಳ್ಳತನ ಅಂದರೆ ಸಿಕ್ಕಿಹಾಕಿಕೊಳ್ಳುವುದು ನೀವು.

ಇಷ್ಟಕ್ಕೂ ಮೊದಲು ಮಾಲೀಕರಿಗೆ ವಾಟ್ಸಾಪಿನಲ್ಲಿ ನಾಲ್ಕು ಫೋಟೊ ಕಳಿಸಿ ನೋಡಿ. ದೂರದಲ್ಲಿರುವವರಿಗೆ ಎಷ್ಟೋ ಸಲ ತಮ್ಮ ಸೈಟಿನ ಸ್ಥಿತಿಯೇ ಗೊತ್ತಿರಲ್ಲ. ಗಾಡಿ ಅವರದ್ದೇ ಆಗಿ, ‘ಸರಿ, ತೆಗೆಸಿಬಿಡಿ’ ಅಂದರೆ, ಬರಹದಲ್ಲಿ ಒಪ್ಪಿಗೆ ತೆಗೆದುಕೊಂಡು ಸರ್ಕಾರದ ನೋಂದಣಿ ಇರುವ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಡಿಸಿ. ಅಲ್ಲಿ ಗಾಡಿ ಒಪ್ಪಿಸಿದ್ದಕ್ಕೆ ಠೇವಣಿ ಪ್ರಮಾಣಪತ್ರ (ಸರ್ಟಿಫಿಕೇಟ್ ಆಫ್ ಡೆಪಾಸಿಟ್) ಸಿಗುತ್ತೆ. ಅದನ್ನು ತೋರಿಸಿದರೆ ಹೊಸ ಗಾಡಿಯ ನೋಂದಣಿ ಶುಲ್ಕ ಮನ್ನಾ. ಆಮೇಲೆ ಆರ್‌ಟಿಒದಲ್ಲಿ ಹಳೇ ಆರ್‌ಸಿ ರದ್ದಾಗಿದೆಯಾ ಅಂತ ಅವರು ಒಮ್ಮೆ ನೋಡಿಕೊಳ್ಳಲಿ. ಸುಮ್ನೆ ಗುಜರಿಗೆ ಹಾಕಿದರೆ ಆ ನಂಬರ್ ಪ್ಲೇಟು ಬೇರೆ ಗಾಡಿಯ ಮೇಲೆ ಓಡಾಡಿ, ಸಿಗ್ನಲ್ ಜಂಪ್ ಮಾಡಿದ ದಂಡವೆಲ್ಲ ಅವರ ಹೆಸರಿಗೇ ಬರಬಹುದು.