ಗುಡ್ಡ ಜಾರುವ ಊರಿನಲ್ಲಿ ಚಾಟ್‌ಬಾಟ್: ಮಾನಸಿಕ ಸ್ವಸಹಾಯದ ಡಿಜಿಟಲ್ ಸಾಧನಗಳ ಟಿಪ್ಪಣಿ

ಚಾಟ್‌ಬಾಟ್ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಯಂತ್ರಗಳಿವೆ. ಕೊಡಗಿನಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಓದುವ ನಮ್ಮಂಥವರಿಗೆ ಪಾಠದಲ್ಲಿ ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ನಮ್ಮ ಗೊಂದಲ ಶುರುವಾಗುವುದು ಅಲ್ಲಿಂದಲೇ. ಮೊದಲನೆಯದು, ತಜ್ಞರು ಮುಂಚೆಯೇ ಬರೆದಿಟ್ಟ ಪ್ರಶ್ನೆಗಳ, ಅಭ್ಯಾಸಗಳ ಹಾದಿಯಲ್ಲಿ ನಮ್ಮನ್ನು ನಡೆಸುವಂಥದ್ದು. ನಾವು ಏನೇ ಟೈಪ್ ಮಾಡಿದರೂ ಅದು ಆಡುವ ಮಾತು ಯಾರೋ ಒಬ್ಬರು ಓದಿ ಒಪ್ಪಿದ್ದೇ. ಎರಡನೆಯದು ಚಾಟ್‌ಜಿಪಿಟಿಯಂಥ ಭಾಷಾ ಮಾದರಿ. ಪ್ರತಿ ಉತ್ತರವನ್ನೂ ಆ ಕ್ಷಣದಲ್ಲಿ ಹೊಸದಾಗಿ ಕಟ್ಟುತ್ತದೆ. ಮೊದಲನೆಯದು ಬೇಗ ಬೇಸರ ತರಿಸುತ್ತದೆ, ಆದರೆ ದಾರಿ ತಪ್ಪುವುದು ಕಡಿಮೆ. ಎರಡನೆಯದು ಕನ್ನಡದಲ್ಲೂ ಸರಾಗವಾಗಿ ಮಾತನಾಡುತ್ತದೆ, ಮಾತು ಎತ್ತ ಹೋದರೂ ಹಿಂದೆಯೇ ಹೋಗುತ್ತದೆ. ಯಾವ ಅಧ್ಯಯನವನ್ನು ಓದಿದರೂ ಅದು ಯಾವ ಬಗೆಯ ಯಂತ್ರದ ಮೇಲೆ ನಡೆದದ್ದು ಎಂಬುದನ್ನು ಮೊದಲು ನೋಡಿ.

ಇತಿಹಾಸಕ್ಕೆ ಅಂಕ ಕಡಿಮೆ, ಆದರೂ ಎಲೈಜಾ ಗೊತ್ತಿರಬೇಕು. 1966ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಜೋಸೆಫ್ ವೈಜೆನ್‌ಬಾಮ್ ಪ್ರಕಟಿಸಿದ ಈ ಪ್ರೋಗ್ರಾಂ, ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುತ್ತಿತ್ತು, ಅಷ್ಟೇ. ಅದನ್ನು ಕಟ್ಟಿದ್ದು ಹೇಗೆಂದು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿಯೇ ಅದರೊಂದಿಗೆ ಮಾತಿಗೆ ಕುಳಿತಾಗ, ದಯವಿಟ್ಟು ಹೊರಗೆ ಹೋಗಿ ಎಂದು ವೈಜೆನ್‌ಬಾಮ್ ಅವರನ್ನೇ ಕೇಳಿಕೊಂಡರಂತೆ. ಯಂತ್ರ ಎಷ್ಟು ಬುದ್ಧಿವಂತ ಎನ್ನುವುದಕ್ಕಿಂತ, ಕೇಳಿಸಿಕೊಳ್ಳುವವರು ಸಿಕ್ಕರೆ ಮನುಷ್ಯ ಎಷ್ಟು ಬೇಗ ಬಾಯಿ ಬಿಡುತ್ತಾನೆ ಎಂಬುದೇ ಇಲ್ಲಿನ ಸಂಗತಿ.

ಪುರಾವೆಯ ವಿಷಯಕ್ಕೆ ಬರೋಣ. ವೋಬಾಟ್ ಎಂಬ ಚಾಟ್‌ಬಾಟ್ ಆ್ಯಪ್‌ನ 2017ರ ಅಧ್ಯಯನ ಎಲ್ಲರೂ ಉದ್ಧರಿಸುವಂಥದ್ದು: 18ರಿಂದ 28 ವರ್ಷದ 70 ಮಂದಿ, ಎರಡು ವಾರ. ಬಾಟ್ ಬಳಸಿದವರಲ್ಲಿ ಖಿನ್ನತೆಯ ಲಕ್ಷಣ ತಗ್ಗಿತು. ಇ-ಪುಸ್ತಕ ಮಾತ್ರ ಪಡೆದವರಲ್ಲಿ ಅಷ್ಟು ತಗ್ಗಲಿಲ್ಲ. ಇದು ಮೊದಲ ಬಗೆಯ ಯಂತ್ರ. 2025ರ ಜೂನ್ 30ಕ್ಕೆ ಆ ಆ್ಯಪ್ ಬಾಗಿಲು ಮುಚ್ಚಿತು ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಎರಡನೆಯ ಬಗೆಗೆ ಡಾರ್ಟ್‌ಮತ್ ವಿಶ್ವವಿದ್ಯಾಲಯದ ಥೆರಾಬಾಟ್ ಉದಾಹರಣೆ. 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 210 ವಯಸ್ಕರಿದ್ದರು, ಖಿನ್ನತೆ ಇದ್ದವರಲ್ಲಿ ಲಕ್ಷಣಗಳು ಸರಾಸರಿ ಶೇ 51ರಷ್ಟು ಇಳಿದವು. ಪತ್ರಿಕೆಗಳು ಈ ಸಂಖ್ಯೆಯನ್ನು ಮಾತ್ರ ಎತ್ತಿಕೊಂಡವು. ಹೋಲಿಕೆಗೆ ಇಟ್ಟುಕೊಂಡ ಗುಂಪಿಗೆ ಯಾವ ಚಿಕಿತ್ಸೆಯೂ ಇರಲಿಲ್ಲ, ಅವರು ಸರದಿಗೆ ಕಾಯುತ್ತಿದ್ದವರು. ಬಾಟ್ ಆಡಿದ ಮಾತುಗಳ ಮೇಲೆ ಸಂಶೋಧಕರ ಕಣ್ಣಿತ್ತು. ಅದು ಈ ಕೆಲಸಕ್ಕೆಂದೇ ತಜ್ಞರು ತರಬೇತುಗೊಳಿಸಿದ ಮಾದರಿ ಕೂಡ. ನಮ್ಮ ಮೊಬೈಲಿನಲ್ಲಿರುವ ಸಾಮಾನ್ಯ ಚಾಟ್‌ಬಾಟ್‌ಗೆ ಆ ಅಂಕವನ್ನು ದಾನ ಮಾಡುವಂತಿಲ್ಲ.

ಕೆಲಸ ಮಾಡುವುದು ಏನು?

ಹೆಚ್ಚಿನ ಆ್ಯಪ್‌ಗಳ ಹೊಟ್ಟೆಯೊಳಗೆ ಇರುವುದು 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಯಿಂದ (ಕಾಗ್ನಿಟಿವ್ ಥೆರಪಿ) ಬೆಳೆದ ಅಭ್ಯಾಸಗಳು: ಯೋಚನೆಯನ್ನು ಬರೆ, ಎಷ್ಟು ನಂಬುತ್ತೀಯ ಎಂದು ನೂರಕ್ಕೆ ಅಂಕ ಕೊಡು, ಪರವಾದ ಪುರಾವೆ, ವಿರುದ್ಧದ ಪುರಾವೆ ಪಟ್ಟಿ ಮಾಡು, ಮತ್ತೆ ಅಂಕ ಕೊಡು. ಬೆಂಗಳೂರಿನಲ್ಲಿ ಹುಟ್ಟಿದ, ಪೆಂಗ್ವಿನ್ ಚಿತ್ರದ ವೈಸಾ ಆ್ಯಪ್ ಕೂಡ ಇದೇ ದಾರಿಯದು. ನನ್ನ ಅಭಿಪ್ರಾಯದಲ್ಲಿ ಗುಣ ಕೊಡುವುದು ಈ ಅಭ್ಯಾಸವೇ, ಹರಟೆಯಲ್ಲ. ಆದರೆ ಅಭ್ಯಾಸವನ್ನು ಊರು ನೋಡದೆ ಹೇರಿದರೆ ಅದೂ ಕೈಕೊಡುತ್ತದೆ. ಕೊಡಗಿನಲ್ಲಿ ಓದುವವರು ಮುಂದಿನ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡಲೇಬೇಕು.

ಮಕ್ಕಂದೂರಿನ ಕಡೆ, ಗುಡ್ಡದ ಬುಡದಲ್ಲಿ ಮನೆಯಿರುವ ಒಬ್ಬ ತಾಯಿ ಎಂದಿಟ್ಟುಕೊಳ್ಳೋಣ. ಆಗಸ್ಟ್ ತಿಂಗಳು, ರಾತ್ರಿ ಎರಡು ಗಂಟೆ, ಕರೆಂಟ್ ಹೋಗಿ ಎರಡು ದಿನ, ಹೆಂಚಿನ ಮೇಲೆ ಮಳೆ ಹೊಡೆಯುತ್ತಲೇ ಇದೆ. ಚಾರ್ಜ್ ಇನ್ನೂ ಸ್ವಲ್ಪ ಉಳಿದಿರುವ ಮೊಬೈಲಿನಲ್ಲಿ ಆಕೆ ಬರೆಯುತ್ತಾರೆ: "ಈ ರಾತ್ರಿ ಗುಡ್ಡ ಜಾರುತ್ತದೆ. ಮಕ್ಕಳನ್ನು ಉಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ." ನಂಬಿಕೆ: ನೂರಕ್ಕೆ 90. ಬಾಟ್ ಕಲಿತ ಪಾಠವನ್ನು ಒಪ್ಪಿಸುತ್ತದೆ: "ಇದು ಅತಿಯಾಗಿ ಕೆಟ್ಟದ್ದನ್ನೇ ಊಹಿಸುವ ಯೋಚನೆ ಇರಬಹುದು. ಇದಕ್ಕೆ ಪುರಾವೆ ಏನಿದೆ?"

ಪುರಾವೆ ಧಾರಾಳವಾಗಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತಮುತ್ತ ಗುಡ್ಡಗಳು ಜಾರಿ ಮನೆಗಳೇ ಕೊಚ್ಚಿಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅಲ್ಲಿನ ಅರ್ಚಕರ ಮನೆ ಮಣ್ಣಿನಡಿ ಹೋಯಿತು. ಪರವಾದ ಕಾಲಂ ತುಂಬಿ ತುಳುಕುತ್ತದೆ, ವಿರುದ್ಧದ ಕಾಲಂ ಖಾಲಿ. ಆಕೆಯ ಅಂಕ 90ರಿಂದ 95ಕ್ಕೆ ಏರಿದರೆ ಆಶ್ಚರ್ಯವಿಲ್ಲ. ಅದಕ್ಕಿಂತ ಕೆಟ್ಟದ್ದು, ತನ್ನ ಭಯವನ್ನು ಯೋಚನೆಯ ದೋಷ ಎಂದು ಕರೆದ ಯಂತ್ರವನ್ನು ಆಕೆ ಮತ್ತೆ ತೆರೆಯುವುದಿಲ್ಲ.

ಇಲ್ಲಿ ಬೇಕಾದದ್ದು ಪುರಾವೆಯ ಪಟ್ಟಿಯಲ್ಲ, ಚಿಂತೆಯ ಮರ ಎಂಬ ಇನ್ನೊಂದು ಅಭ್ಯಾಸ. ಮೊದಲ ಪ್ರಶ್ನೆ: ಈ ಚಿಂತೆಯಲ್ಲಿ ನಾನು ಏನಾದರೂ ಮಾಡಬಹುದಾದ ಭಾಗ ಇದೆಯೇ? ಆಕೆಯ ವಾಕ್ಯ ಎರಡಾಗಿ ಒಡೆಯುತ್ತದೆ. ಗುಡ್ಡದ ಭಾಗದಲ್ಲಿ ಮಾಡುವ ಕೆಲಸವಿದೆ: ಅಂಗಳದಲ್ಲಿ ಹೊಸ ಬಿರುಕು ಬಿದ್ದಿದೆಯೇ, ಬರೆಯಿಂದ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರಿನಿಂದ) ಇದ್ದಕ್ಕಿದ್ದಂತೆ ಕೆಸರು ನೀರು ಒಸರುತ್ತಿದೆಯೇ, ಮರ ಅಥವಾ ಕಂಬ ವಾಲಿದೆಯೇ ಎಂದು ಹಗಲಿನಲ್ಲಿ ನೋಡುವುದು, ಇದ್ದರೆ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077ಕ್ಕೆ ಹೇಳಿ, ಕಾಯದೆ ಮನೆ ಬಿಡುವುದು, ದಾಖಲೆ, ಮಾತ್ರೆ, ಟಾರ್ಚ್ ಒಂದು ಚೀಲದಲ್ಲಿಡುವುದು, ಯಾವ ನೆಂಟರ ಮನೆಗೆ ಹೋಗುವುದೆಂದು ಮಳೆ ಹಿಡಿಯುವ ಮೊದಲೇ ಮಾತಾಡಿಕೊಳ್ಳುವುದು. ಇದಿಷ್ಟನ್ನು ಬರೆದು, ಯಾವುದು ನಾಳೆ ಎಷ್ಟು ಹೊತ್ತಿಗೆ ಎಂದು ಗುರುತು ಹಾಕಬೇಕು. ಹೊತ್ತು ಬರೆಯದ ಕೆಲಸ ಮತ್ತೆ ಚಿಂತೆಯಾಗಿಯೇ ಮರಳುತ್ತದೆ.

"ಉಳಿಸಿಕೊಳ್ಳಲು ಆಗುವುದಿಲ್ಲ" ಎಂಬುದು ಎರಡನೆಯ ಭಾಗ. ಎಲ್ಲ ಸಿದ್ಧತೆ ಮುಗಿದ ಮೇಲೂ ಉಳಿಯುವ ಊಹೆ ಅದು, ಅದಕ್ಕೆ ಕೆಲಸವಿಲ್ಲ. ಸಂಜೆ ಹದಿನೈದು ನಿಮಿಷ ಚಿಂತೆಗೆಂದೇ ಇಟ್ಟು, ರಾತ್ರಿ ಅದು ಬಂದಾಗ ನಾಳೆಯ ಸಂಜೆಗೆ ತಳ್ಳುವ ಅಭ್ಯಾಸ ಇಲ್ಲಿಗೆ ಸರಿ. ಕೊನೆಯಲ್ಲಿ ಅಂಕ 60ಕ್ಕೆ ಇಳಿದರೆ ಸಾಕು. ಸೊನ್ನೆಗೆ ಇಳಿಸುವ ಗುರಿ ಬೇಡವೇ ಬೇಡ. ಸುರಿಯುವ ಮಳೆಯಲ್ಲಿ ಬರೆಯ ಕೆಳಗೆ ಪೂರ್ತಿ ನಿಶ್ಚಿಂತೆಯಾಗಿ ಮಲಗುವುದು ಆರೋಗ್ಯದ ಲಕ್ಷಣವೇನಲ್ಲ. ತೋಟಕ್ಕೆ ಆನೆ ಇಳಿದ ಭಯಕ್ಕೂ, ಕಣದಲ್ಲಿ ಒಣಗುತ್ತಿರುವ ಕಾಫಿಯ ಮೇಲೆ ಅಕಾಲ ಮಳೆ ಬಂದು ಸಾಲದ ಕಂತು ತಪ್ಪುವ ಭಯಕ್ಕೂ ಇದೇ ಕ್ರಮ.

ಒಂದು ಎಚ್ಚರಿಕೆ. ಹಿಂದಿನ ದುರಂತದ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಆ ಜಾಗದತ್ತ ಸುಳಿಯಲೂ ಆಗದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. ಅದು ಸ್ವಸಹಾಯದ ಪಾಲಿನದಲ್ಲ, ವೈದ್ಯರದು.

ಭಾಷಾ ಮಾದರಿಯನ್ನೇ ಬಳಸುವವರು ಆರಂಭದಲ್ಲೇ ಅಪ್ಪಣೆ ಕೊಡುವುದು ಒಳ್ಳೆಯದು: "ಸಮಾಧಾನ ಹೇಳಬೇಡ. ನನ್ನ ಊರಿನ ಅಪಾಯ ನಿಜ ಎಂದೇ ತಿಳಿ. ಒಂದು ಬಾರಿಗೆ ಒಂದೇ ಪ್ರಶ್ನೆ ಕೇಳು. ನಾನು ಮಾಡಬಹುದಾದದ್ದನ್ನೂ ಮಾಡಲಾಗದ್ದನ್ನೂ ಬೇರೆ ಮಾಡಿಸು." ಇಲ್ಲದಿದ್ದರೆ ಅದು ಹೂಂಗುಟ್ಟಲು ತೊಡಗುತ್ತದೆ. ಚಾಟ್‌ಜಿಪಿಟಿಯ ಒಂದು ಹೊಸ ಆವೃತ್ತಿ ಬಳಕೆದಾರರನ್ನು ವಿಪರೀತ ಹೊಗಳಿ, ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದೆ ಎಂದು 2025ರ ಏಪ್ರಿಲ್‌ನಲ್ಲಿ ಅದರ ಕಂಪನಿ ಓಪನ್‌ಎಐ ಅದನ್ನು ಹಿಂದಕ್ಕೆ ತೆಗೆದುಕೊಂಡಿತ್ತು. ಅಣ್ಣನೊಂದಿಗೆ ಆಸ್ತಿಯ ಜಗಳವಾಗಿ ಮಲಗದೆ ಕುಳಿತವನಿಗೆ "ನಿಮ್ಮ ಕೋಪ ನ್ಯಾಯವಾದದ್ದು" ಎಂದು ಪದೇ ಪದೇ ಹೇಳುವ ಯಂತ್ರ ಉಪಕಾರ ಮಾಡುತ್ತಿಲ್ಲ. ಅಮೆರಿಕದ ಆಹಾರ ಸೇವನೆಯ ಕಾಯಿಲೆಗಳ ಸಹಾಯ ಸಂಸ್ಥೆಯೊಂದು 2023ರಲ್ಲಿ ತನ್ನ ಟೆಸ್ಸಾ ಬಾಟನ್ನು ನಿಲ್ಲಿಸಬೇಕಾಯಿತು, ಏಕೆಂದರೆ ಅದು ಅಂಥ ರೋಗಿಗಳಿಗೇ ತೂಕ ಇಳಿಸುವ ಸಲಹೆ ಕೊಡತೊಡಗಿತ್ತು.

ಅಳತೆ

ಪಿಎಚ್‌ಕ್ಯು-9, ಖಿನ್ನತೆಯನ್ನು ಅಳೆಯುವ ಹಾಳೆ: ಒಂಬತ್ತು ಪ್ರಶ್ನೆ, ಕಳೆದ ಎರಡು ವಾರಗಳ ಸ್ಥಿತಿ, ತಲಾ 0ರಿಂದ 3 ಅಂಕ, ಒಟ್ಟು 27. 10 ಅಥವಾ ಹೆಚ್ಚು ಬಂದರೆ ವೈದ್ಯರನ್ನು ಕಾಣಬೇಕು. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯ ಕುರಿತದ್ದು. ಅಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ಎಷ್ಟೆಂದು ಲೆಕ್ಕ ಹಾಕುತ್ತ ಕೂರಬಾರದು, ಕೆಳಗೆ 'ಸಾಯುವ ಯೋಚನೆ ಬಂದರೆ' ಎಂಬಲ್ಲಿ ಹೇಳಿದ್ದನ್ನು ಮಾಡಬೇಕು. ಆ್ಯಪ್ ಶುರು ಮಾಡುವ ದಿನ ಒಮ್ಮೆ, ಎರಡು ವಾರಕ್ಕೊಮ್ಮೆ ಮತ್ತೆ ಬರೆದಿಡಿ. ಅಂಕ ಕದಲದಿದ್ದರೆ ಆ್ಯಪ್ ಬಿಡಿ, ಮನುಷ್ಯರ ಬಳಿ ಹೋಗಿ. ಸಮಾರಂಭಗಳಲ್ಲಿ ಮದ್ಯಕ್ಕೆ ಮುಚ್ಚುಮರೆ ಇಲ್ಲದ ನಮ್ಮ ಜಿಲ್ಲೆಯಲ್ಲಿ ಇದರ ಜೊತೆಗೆ ಕುಡಿತವನ್ನು ಅಳೆಯುವ, ಆಡಿಟ್ (AUDIT) ಎಂಬ ಹತ್ತು ಪ್ರಶ್ನೆಗಳ ಹಾಳೆಯನ್ನೂ ತುಂಬಿಸುವುದು ಮೇಲು. ನಿದ್ದೆ ಬರುವುದಿಲ್ಲ ಎಂದು ಬರೆದವರು ರಾತ್ರಿಯ ಎರಡು ಪೆಗ್ ವಿಷಯ ತಾವಾಗಿ ಬಾಟ್‌ಗೆ ಹೇಳುವುದಿಲ್ಲ, ಅದೂ ಕೇಳುವುದು ಅಪರೂಪ.

ಗುಟ್ಟು

ಇಲ್ಲಿ ಬಾಟ್ ಇಷ್ಟವಾಗುವುದಕ್ಕೆ ದೊಡ್ಡ ಕಾರಣ, ಎಲ್ಲರಿಗೂ ಎಲ್ಲರ ಮನೆತನ ಗೊತ್ತಿರುವುದು. ಮಡಿಕೇರಿಯ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತರೆ ಸುದ್ದಿ ತಾನು ಊರು ಸೇರುವ ಮೊದಲೇ ಸೇರುತ್ತದೆ ಎಂಬ ಅಂಜಿಕೆಯನ್ನು ನಾವು ಹಗುರವಾಗಿ ಕಾಣಬಾರದು. ಆದರೆ ಯಂತ್ರದ ಬಾಯಿಯೂ ಹೊಲಿದಿಲ್ಲ. ಆನ್‌ಲೈನ್ ಆಪ್ತಸಮಾಲೋಚನೆಯ ಬೆಟರ್‌ಹೆಲ್ಪ್ ಕಂಪನಿ ಬಳಕೆದಾರರ ಮಾಹಿತಿಯನ್ನು ಜಾಹೀರಾತಿಗಾಗಿ ಫೇಸ್‌ಬುಕ್ ಮುಂತಾದವಕ್ಕೆ ಕೊಟ್ಟಿತೆಂಬ ಆರೋಪದಲ್ಲಿ 2023ರಲ್ಲಿ ಅಮೆರಿಕದ ನಿಯಂತ್ರಣ ಸಂಸ್ಥೆಯೊಂದಿಗೆ 78 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಹೆಸರು, ಊರು, ಮನೆತನ ಬರೆಯದೆಯೂ ಅಭ್ಯಾಸ ಮಾಡಬಹುದು. ಮನೆಮಂದಿಯೆಲ್ಲ ಒಂದೇ ಫೋನ್ ಬಳಸುವ ಕಡೆ ಕಾಗದವೇ ಸುರಕ್ಷಿತ, ಹರಿದು ಒಲೆಗೆ ಹಾಕಬಹುದು.

ಸಾಯುವ ಯೋಚನೆ ಬಂದರೆ

ಇಲ್ಲಿ ಬಾಟ್‌ನ ಕೆಲಸ ಮುಗಿಯಿತು. ಟೆಲಿ ಮಾನಸ್, 14416: ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಉಚಿತ ಸೇವೆ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು, ಇದರ ರಾಷ್ಟ್ರೀಯ ಕೇಂದ್ರ ನಿಮ್ಹಾನ್ಸ್. ಆದರೆ ಮಳೆಗಾಲದಲ್ಲಿ ಸಿಗ್ನಲ್ ಇಲ್ಲದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದ್ದರಿಂದ ಸುರಕ್ಷತಾ ಯೋಜನೆಯನ್ನು ಮನಸ್ಸು ತಿಳಿಯಾಗಿರುವಾಗಲೇ ಕಾಗದದಲ್ಲಿ ಬರೆಸಬೇಕು: ಕೆಡುಕಿನ ಮುನ್ಸೂಚನೆ ಏನು, ಆಗ ಯಾರ ಮನೆಗೆ ನಡೆದು ಹೋಗಬಹುದು, ಯಾರಿಗೆ ಫೋನ್ ಮಾಡಬಹುದು.

ಆ ಕಾಗದದ ಕೊನೆಯ ಸಾಲು ಮನೆಯನ್ನು ಸುರಕ್ಷಿತಗೊಳಿಸುವುದು. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಭೂಮಿ) ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ವಿನಾಯಿತಿ ಇರುವ ಜಿಲ್ಲೆ ಇದು. ತೋಟದ ಮನೆಯಲ್ಲಿ ಕೀಟನಾಶಕವೂ ಇರುತ್ತದೆ. ಅಪಾಯದ ದಿನಗಳು ಕಳೆಯುವವರೆಗೆ ಇವು ಮನೆಯಿಂದ ದೂರ, ಜವಾಬ್ದಾರಿಯುತ ಬಂಧುವಿನ ಸುಪರ್ದಿಯಲ್ಲಿ ಇರಬೇಕು. ಸಾಗಿಸಲಾಗದಿದ್ದರೆ ಬೀಗ ಹಾಕಿ ಕೀಲಿಯನ್ನು ಬೇರೆಯವರಿಗೆ ಕೊಡಬೇಕು. ಹೊರದೇಶದಲ್ಲಿ ಬರೆದ ಆ್ಯಪ್‌ಗೆ ಪೂಜಾ ಕೋಣೆಯ ಪಕ್ಕದಲ್ಲಿ ಗೌರವದಿಂದ ಇಟ್ಟ ಕೋವಿಯ ಕಲ್ಪನೆ ಇರುವುದಿಲ್ಲ. ಆ ಪ್ರಶ್ನೆಯನ್ನು ಮನೆಯವರೋ ನಾವೋ ನೇರವಾಗಿ ಕೇಳಬೇಕು. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ.

ಆಸ್ಪತ್ರೆಗೆ ಹೋಗುವವರು ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೇ ಹೋಗಬೇಕೆಂದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಕ್ಲಿನಿಕ್ ನಡೆಯುವ ದಿನವನ್ನು ಆಶಾ ಕಾರ್ಯಕರ್ತೆಯರಿಂದ ಖಚಿತಪಡಿಸಿಕೊಂಡು ಹೊರಡಲಿ. ಜೊತೆಗೆ ಪಿಎಚ್‌ಕ್ಯು-9ರ ಅಂಕಗಳ ಹಾಳೆ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಮತ್ತು ಚಿಂತೆಯ ಮರದ ಒಂದೆರಡು ಪುಟ ಒಯ್ಯಲಿ. ಬಾಟ್‌ನೊಂದಿಗೆ ಆಡಿದ ಮಾತಿನ ನಲವತ್ತು ಸ್ಕ್ರೀನ್‌ಶಾಟ್‌ಗಳನ್ನು ಓದಲು ಹೊರರೋಗಿ ವಿಭಾಗದ ವೈದ್ಯರಿಗೆ ಹೊತ್ತಿರುವುದಿಲ್ಲ.